ಮನೆಯ ತನಕ ಬಾರದ ತಂತಿ

(ದೂರವಾಣಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಮೈಸೂರಿನ ಹಿರಿಯರೊಬ್ಬರಿಗೂ, ಉಗಾಂಡಾ ದೇಶದ ಕಂಪಾಲಾದಲ್ಲಿ ಗಣಿತದ ಉಪಾಧ್ಯಾಯನಾಗಿದ್ದು ರಜೆಗೆ ಊರಿಗೆ ಬಂದ ಅವರ ತಂಗಿಯ ಮಗನಿಗೂ ನಡೆದ ಮಾತು.)

ಮಾವ: ಕೀನ್ಯಾದ ಮೊಂಬಾಸಾ ಕಡಲಂಚಿಗೆ ಅಂತರ್ಜಾಲದ ಕೇಬಲು ಬಂದು ಒಂದೂವರೆ ದಶಕ ಕಳೆಯಿತೆಂದು ಕೇಳಿದ್ದೇನೆ. ಅಷ್ಟಾಗಿಯೂ ನೀನು ಅಲ್ಲಿಂದ ಕರೆ ಮಾಡಿದಾಗಲೆಲ್ಲ ಮುಖ ಒಂದೆಡೆ ನಿಂತುಬಿಟ್ಟು, ಮಾತು ಮಾತ್ರ ತುಂಡುತುಂಡಾಗಿ ಬಂದು, ಕಡೆಗೆ “ಡೇಟಾ ಬಂಡಲ್ ಮುಗಿಯಿತು ಮಾವ” ಎಂಬ ಒಂದೇ ವಾಕ್ಯ ಸ್ಪಷ್ಟವಾಗಿ ಕೇಳಿಸಿ ಎಲ್ಲವೂ ಕಡಿದುಹೋಗುತ್ತದೆ. ಆಯುಸ್ಸನ್ನೆಲ್ಲ ತಂತಿಗಳ ನಡುವೆಯೇ ಸವೆಸಿದ ನನಗೆ ಇದರ ಮರ್ಮವನ್ನು ತಿಳಿಯಬೇಕೆಂಬ ಆಸೆ. ದೋಷ ಎಲ್ಲಿರುವುದು? ಕಡಲಲ್ಲೋ, ನೆಲದಲ್ಲೋ, ನಿನ್ನ ಜೇಬಿನಲ್ಲೋ?

ಅಳಿಯ: ಮೂರರಲ್ಲೂ ಅಷ್ಟಿಷ್ಟು ಉಂಟು, ಮಾವ; ಆದರೆ ಕಡಲಿನ ಪಾಲು ತೀರ ಸ್ವಲ್ಪ. 2009ರ ತನಕ ಪೂರ್ವ ಆಫ್ರಿಕಾದ ತೀರದ ಬಹುಭಾಗಕ್ಕೆ ಕಡಲಡಿಯ ಬೆಳಕಿನ ಎಳೆ ಒಂದಾದರೂ ಇರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಪಶ್ಚಿಮ ತೀರದವರಿಗೆ 2002ರಿಂದ ಸ್ಯಾಟ್-3 ಎಂಬ ಕೇಬಲಿತ್ತು, ದಿಟ. ಆದರೆ ಅದು ಆಯಾ ದೇಶದ ಹಳೆಯ ಟೆಲಿಫೋನು ಸಂಸ್ಥೆಗಳ ಸ್ವತ್ತಾಗಿದ್ದು, ತನ್ನ ತನ್ನ ಗಡಿಯೊಳಗೆ ಒಂದೊಂದು ಸಂಸ್ಥೆಯೂ ಹೇಳಿದ್ದೇ ಬೆಲೆಯಾಗಿತ್ತು. ಪೂರ್ವದವರಿಗೋ ಆಕಾಶವೇ ಗತಿ. ಸುಮಾರು 36,000 ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ಏರಿ, ಯಾವುದೋ ಪರದೇಶದಲ್ಲಿ ಇಳಿದು, ಉತ್ತರವನ್ನು ಹೊತ್ತು ಮತ್ತೆ ಏರಿ ಮತ್ತೆ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡು ಮಿಕ್ಕಿಹೋಗುತ್ತಿತ್ತು; ಸೆಕೆಂಡಿಗೆ ಒಂದು ಮೆಗಾಬಿಟ್ ಸಾಗಿಸುವ ಹಾದಿಗೆ ತಿಂಗಳ ಬಾಡಿಗೆ ಸಾವಿರಾರು ಡಾಲರಾಗಿತ್ತು. ಬ್ಯಾಂಕು, ರಾಯಭಾರ ಕಚೇರಿ, ದೊಡ್ಡ ವಿಶ್ವವಿದ್ಯಾಲಯ ಇವಕ್ಕಲ್ಲದೆ ಸಾಮಾನ್ಯ ಗೃಹಸ್ಥನಿಗೆ ಅದರ ನೆರಳೂ ಬೀಳುತ್ತಿರಲಿಲ್ಲ. 2009ರ ಜೂನಿನಲ್ಲಿ ಫುಜೈರಾದಿಂದ ಹೊರಟ ಟೀಮ್ಸ್ ಎಂಬ ಕೇಬಲು ಮೊಂಬಾಸಾವನ್ನು ಮುಟ್ಟಿತು; ಮರು ತಿಂಗಳೇ ಸೀಕಾಂ ಎಂಬುದು ಕೆಲಸಕ್ಕೆ ಮೊದಲಿಟ್ಟಿತು; 2010ರಲ್ಲಿ ಈಸ್ಸಿ ಬಂದಿತು. ಸಗಟು ಬೆಲೆ ಕುಸಿಯಿತು. ಇನ್ನು ಮನೆಮನೆಗೂ ಅಂತರ್ಜಾಲವೆಂದು ಪತ್ರಿಕೆಗಳೆಲ್ಲ ಬರೆದವು.

ಮಾವ: ಬೆಲೆ ಕುಸಿದದ್ದು ಮೊಂಬಾಸಾದಲ್ಲಿ. ನೀನಿರುವುದು ಕಂಪಾಲಾದಲ್ಲಿ.

ಅಳಿಯ: ಅಲ್ಲಿಗೇ ಬರುತ್ತಿದ್ದೆ. ಉಗಾಂಡಾಕ್ಕೆ ಕಡಲಿಲ್ಲ. ಮೊಂಬಾಸಾದಿಂದ ನೈರೋಬಿ, ಅಲ್ಲಿಂದ ಗಡಿಯ ಮಲಾಬಾ, ಅಲ್ಲಿಂದ ಕಂಪಾಲಾ, ಹೀಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿ ನೆಲದೊಳಗೆ ಹೂತು ತಂದ ಎಳೆಯಿಂದಲೇ ನಮಗೆ ಪ್ರಾಣ. ನೆರೆಯ ದೇಶವನ್ನು ಹಾದುಬರುವ ಸುಂಕ, ಆ ದಾರಿಯಲ್ಲಿ ರಸ್ತೆ ಅಗಲ ಮಾಡುವವನ ಗುದ್ದಲಿ, ಚರಂಡಿ ತೋಡುವವನ ಯಂತ್ರ, ಪ್ರತಿಯೊಂದು ಊರಿನ ಸ್ಥಳೀಯ ಆಡಳಿತವೂ ಅಗೆತಕ್ಕೆಂದು ಕೇಳುವ ಶುಲ್ಕ, ಇವೆಲ್ಲ ಆ ಎಳೆಯ ಬೆಲೆಯೊಳಗೆ ಸೇರಿಕೊಂಡು ಬರುತ್ತವೆ.

ಮಾವ: ಅದು ರೈಲಿನ ದಾರಿಯೂ ಹೌದಲ್ಲವೆ? ನಮ್ಮ ದೇಶದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಕೂಲಿಗಳನ್ನು ಹಡಗಿನಲ್ಲಿ ಕೊಂಡೊಯ್ದು 1896ರಲ್ಲಿ ಮೊದಲಿಟ್ಟು 1901ರಲ್ಲಿ ವಿಕ್ಟೋರಿಯಾ ಸರೋವರದ ದಡಕ್ಕೆ ಮುಟ್ಟಿಸಿದ ಹಾದಿ. ಬ್ರಿಟಿಷರು ಆಗಲೂ ಸರಕನ್ನು ತೀರಕ್ಕೆ ತರುವುದಕ್ಕಾಗಿ ದಾರಿ ಮಾಡಿದರೇ ಹೊರತು ಒಳನಾಡಿನವನ ಮನೆ ಬಾಗಿಲಿಗೆಂದು ಮಾಡಲಿಲ್ಲ. ಇರಲಿ, ಮಾತು ಎಲ್ಲಿಗೋ ಹೋಯಿತು. ಕಂಪಾಲಾದ ತನಕ ಎಳೆ ಬಂದ ಮೇಲೆ ಉಳಿದದ್ದು ಎಷ್ಟು ದೂರ? ಎರಡು ಮೈಲಿಯೋ ಮೂರು ಮೈಲಿಯೋ!

ಅಳಿಯ: ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಷ್ಟೆ, ಮಾವ, ಆ ಎರಡು ಮೈಲಿಯೇ ಪೂಜಾರಿ. ಕಂಪಾಲಾ ಗುಡ್ಡಗಳ ಮೇಲೆ ಹಬ್ಬಿದ ಊರು. ಕೊಲೊಲೊ, ನಕಸೆರೊ ಮುಂತಾದ ಗುಡ್ಡಗಳ ನೆತ್ತಿಯಲ್ಲಿ ರಾಯಭಾರಿಗಳೂ ಮಂತ್ರಿಗಳೂ ಇರುವರಾದ್ದರಿಂದ ಫೈಬರು ಅಲ್ಲಿಗೆ ಮೊದಲು ಹತ್ತಿತು. ಬಹುಮಹಡಿ ಕಟ್ಟಡಗಳಿರುವೆಡೆಗೂ ಬಂದಿತು, ಏಕೆಂದರೆ ಒಂದು ಎಳೆ ಎಳೆದರೆ ನಲವತ್ತು ಗಿರಾಕಿಗಳು ಸಿಕ್ಕುವರು. ಊರ ಹೊರಗೆ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಬಾಡಿಗೆಗೆ ಇರುವ ನನ್ನಂಥವನ ಬೀದಿಗೆ ಯಾವ ಕಂಪನಿಯೂ ಇಳಿಯಲೊಲ್ಲದು. “ನಿಮ್ಮ ಕಡೆ ಯೋಜನೆಯಲ್ಲಿದೆ” ಎಂದು ಕಚೇರಿಯ ಹುಡುಗಿ ಬಹು ಮರ್ಯಾದೆಯಿಂದ ಹೇಳುವಳು. ಅಲ್ಲಿಯ ಜನರ ಸೌಜನ್ಯ ದೊಡ್ಡದು. ಇಲ್ಲ ಎಂದು ಬಾಯಿಬಿಟ್ಟು ಹೇಳಿ ಎದುರಿಗಿರುವವನ ಮನಸ್ಸನ್ನು ನೋಯಿಸಲಾರರು. ಅದರಿಂದಲೇ ನಾನು ವರ್ಷಗಟ್ಟಲೆ ಆಸೆ ಇಟ್ಟುಕೊಂಡಿದ್ದೆ.

ಮಾವ: ತಂತಿಯಿಲ್ಲದಿದ್ದರೆ ರೇಡಿಯೋ ಅಲೆಯುಂಟಲ್ಲ. ಗುಡ್ಡದ ಮೇಲಣ ಗೋಪುರಕ್ಕೂ ನಿನ್ನ ಮಾಡಿಗೂ ನೇರ ದೃಷ್ಟಿ ಸಿಕ್ಕಿದರೆ ಸಾಕು.

ಅಳಿಯ: ಇಲಾಖೆಯವರ ಬುದ್ಧಿ ಎಲ್ಲಿದ್ದರೂ ಒಂದೇ. ಅದನ್ನೂ ಮಾಡಿಸಿದೆ. ಬೋಡಾಬೋಡಾ ಎಂದು ಕರೆಯುವ ಬಾಡಿಗೆ ಮೋಟಾರು ಸೈಕಲಿನ ಹಿಂದೆ ಕುಳಿತು, ಹೆಗಲಿಗೆ ಕೇಬಲಿನ ಸುರುಳಿಯನ್ನು ಹಾರದಂತೆ ಹಾಕಿಕೊಂಡು ಒಬ್ಬ ಫುಂಡಿ, ಎಂದರೆ ಕೆಲಸಗಾರ, ಬಂದ. ಮಾಡಿನ ತಗಡಿನ ಮೇಲೆ ಹತ್ತಿ ಗುಡ್ಡದ ಕಡೆ ನೋಡಿ, ಗೋಪುರ ಕಾಣುತ್ತದೆ, ಆದರೆ ನಡುವೆ ಒಂದು ಮರ ಇದೆ ಎಂದ. ನಮ್ಮ ಊರಿನದೇ ಹಲಸಿನ ಮರ, ಮಾವ. ಆ ನಾಡಿನಲ್ಲಿ ಹಿತ್ತಿಲಿಗೊಂದು ಇರುತ್ತದೆ. ಅದು ಮನೆಯ ಯಜಮಾನನ ತಾಯಿ ನೆಟ್ಟದ್ದು. ಕಡಿಯುವ ಮಾತೇ ಇಲ್ಲ. ಆದಕಾರಣ ಕಬ್ಬಿಣದ ಕಂಬವನ್ನು ಎತ್ತರಿಸಬೇಕಾಯಿತು. ಕಂಬಕ್ಕೆ ಬೇರೆ ಹಣ, ರೇಡಿಯೋ ಯಂತ್ರಕ್ಕೆ ಬೇರೆ ಹಣ, ರೂಟರಿಗೆ ಬೇರೆ, ಜೋಡಣೆಗೆ ಬೇರೆ, ಮೊದಲ ತಿಂಗಳ ಮುಂಗಡ ಬೇರೆ. ಬೇಸಗೆಯಲ್ಲಿ ಎಲ್ಲ ಸರಿಯಾಗಿತ್ತು. ಮಳೆ ಹಿಡಿದೊಡನೆ ಹಲಸಿನ ಮರ ಹೊಸ ಎಲೆಯನ್ನು ಹೊತ್ತು, ಆ ಎಲೆಗಳೆಲ್ಲ ನೀರಿನಿಂದ ತೊಯ್ದು, ಅಲೆಗಳನ್ನೆಲ್ಲ ತಾವೇ ಕುಡಿದುಬಿಡತೊಡಗಿದವು.

ಮಾವ: ಒದ್ದೆ ಎಲೆ ಕುಡಿಯುತ್ತದೆ, ಹೌದು. ನೀರಿಗೆ ಆ ಗುಣ ಉಂಟು.

ಅಳಿಯ: ಎಲೆ ಉದುರುವ ತನಕ ಕಾಯೋಣವೆಂದರೆ ಹಲಸು ಎಲೆ ಉದುರಿಸುವ ಮರವಲ್ಲ. ಅಷ್ಟರಲ್ಲಿ ಸಿಡಿಲು ಬಡಿಯಿತು. ವಿಕ್ಟೋರಿಯಾ ಸರೋವರದ ಸುತ್ತಲ ಪ್ರದೇಶ ಲೋಕದಲ್ಲೇ ಅತ್ಯಂತ ಹೆಚ್ಚು ಗುಡುಗುಮಿಂಚುಗಳ ಸೀಮೆಗಳಲ್ಲಿ ಒಂದು. ಎತ್ತರಿಸಿದ ಕಬ್ಬಿಣದ ಕಂಬವೋ ಅದಕ್ಕೆ ಆಹ್ವಾನಪತ್ರಿಕೆ. ಯಂತ್ರ ಸುಟ್ಟುಹೋಯಿತು. ಸಿಡಿಲು ದೈವಕೃತ್ಯವಾದುದರಿಂದ ಖಾತರಿಯೊಳಗೆ ಬರುವುದಿಲ್ಲವೆಂದು ಕಂಪನಿಯವರು ಒಪ್ಪಂದದ ಸಣ್ಣಕ್ಷರಗಳನ್ನು ತೋರಿಸಿದರು. ಇನ್ನು ವಿದ್ಯುತ್ತಿನ ಕಥೆ. ಕರೆಂಟು ಹೋದರೆ ರೂಟರೂ ಹೋಗುತ್ತದೆ, ಅದಕ್ಕೊಂದು ಬ್ಯಾಟರಿ. ಬ್ಯಾಟರಿ ಇದ್ದು ನನ್ನ ರೂಟರು ಎಚ್ಚರವಾಗಿದ್ದರೂ ಗುಡ್ಡದ ಮೇಲಣ ಗೋಪುರದ ಡೀಸೆಲು ಮುಗಿದಿದ್ದರೆ ಅದು ಎಚ್ಚರವಾಗಿದ್ದು ಯಾರೊಡನೆ ಮಾತನಾಡಬೇಕು? ಮನೆಯಲ್ಲಿ ಯಾಕಾ ಎಂಬ ಮುಂಗಡದ ವಿದ್ಯುತ್ ಮೀಟರು, ಕೈಯಲ್ಲಿ ಮುಂಗಡದ ಡೇಟಾ. ಒಂದರ ಯೂನಿಟ್ಟು, ಇನ್ನೊಂದರ ಎಂಬಿ, ಎರಡನ್ನೂ ಎಣಿಸುತ್ತ ಕೂರುವುದೇ ಗೃಹಕೃತ್ಯ.

ಮಾವ: ನಗಬೇಡ ಎಂದರೂ ನಗು ಬರುತ್ತದೆ. ಆದರೆ ಕೇಳು. ನಮ್ಮ ಕಾಲದಲ್ಲಿ ಟೆಲಿಫೋನಿಗೆ ಅರ್ಜಿ ಹಾಕಿದವನು ವರ್ಷಾನುಗಟ್ಟಲೆ ಕಾಯುತ್ತಿದ್ದ. ಮಗಳು ಹುಟ್ಟಿದಾಗ ಹಾಕಿದ ಅರ್ಜಿಗೆ ಮಗಳ ಮದುವೆಯ ಹೊತ್ತಿಗೆ ಫೋನು ಬಂದಿತೆಂದು ಜನ ಹಾಸ್ಯ ಮಾಡುತ್ತಿದ್ದರು, ಆ ಹಾಸ್ಯವನ್ನು ನಾವು ಸಹಿಸಿಕೊಂಡೆವು. ಆದರೂ ಬಂದಾಗ ಎಲ್ಲರಿಗೂ ಒಂದೇ ದರಕ್ಕೆ ಬಂದಿತು. ಗುಡ್ಡದ ಮೇಲಿನವನು, ತಗ್ಗಿನವನು ಎಂಬ ಭೇದ ಮಾಡಲಿಲ್ಲ. ಈ ವಸ್ತು ಸರಕಾರದ ಕೈಯಲ್ಲಿ ಇರತಕ್ಕದ್ದೆಂದು ನನ್ನ ನಂಬಿಕೆ; ಕಂಪನಿಗಳಿಗೆ ಕೊಟ್ಟರೆ ಲಾಭವಿಲ್ಲದ ಬೀದಿಗೆ ಅವು ಏಕೆ ಇಳಿಯುತ್ತವೆ?

ಅಳಿಯ: ನಿಮ್ಮ ನಂಬಿಕೆಯನ್ನು ಅಲ್ಲಗಳೆಯಲು ಮನಸ್ಸಿಲ್ಲ, ಆದರೆ ಆಫ್ರಿಕಾದಲ್ಲಿ ಸರಕಾರದ ಏಕಸ್ವಾಮ್ಯ ಮಾಡಿದ ಒಂದು ಕೆಲಸವನ್ನು ಹೇಳುತ್ತೇನೆ. ನೈರೋಬಿಯಲ್ಲಿ ಒಂದು ಬೀದಿಯಿಂದ ಮಗ್ಗುಲ ಬೀದಿಗೆ ಮಿಂಚಂಚೆ ಕಳುಹಿಸಿದರೆ, ಇಬ್ಬರ ಕಂಪನಿಗಳೂ ಬೇರೆಯಾದಲ್ಲಿ ಅದು ಉಪಗ್ರಹವೇರಿ ಪರದೇಶಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಉಪಗ್ರಹವೇರಿ ಹಿಂದಿರುಗಬೇಕಾಗಿತ್ತು. ಹೋಗುವುದಕ್ಕೂ ಬರುವುದಕ್ಕೂ ಡಾಲರಿನಲ್ಲಿ ಬಾಡಿಗೆ. ಇದು ಮೂರ್ಖತನವೆಂದು ಕಂಡು ಅಲ್ಲಿಯ ಅಂತರ್ಜಾಲ ಕಂಪನಿಗಳೆಲ್ಲ ಕೂಡಿ 2000ದ ಕೊನೆಯಲ್ಲಿ ಊರೊಳಗೇ ಒಂದು ವಿನಿಮಯ ಕೇಂದ್ರವನ್ನು ಕಟ್ಟಿಕೊಂಡವು. ಸ್ಥಳೀಯ ಸಂದೇಶ ಸ್ಥಳೀಯವಾಗಿಯೇ ಕೈ ಬದಲಾಯಿಸಲಿ ಎಂಬುದಷ್ಟೇ ಉದ್ದೇಶ. ಇದು ತನ್ನ ಏಕಸ್ವಾಮ್ಯಕ್ಕೆ ಭಂಗವೆಂದು ಸರಕಾರಿ ಟೆಲಿಫೋನು ಸಂಸ್ಥೆ ದೂರಿತು. ನಿಯಂತ್ರಕರು ಎರಡೇ ವಾರದಲ್ಲಿ ಕೇಂದ್ರವನ್ನು ಮುಚ್ಚಿಸಿದರು. ಸುಮಾರು ಒಂದು ವರ್ಷ ವ್ಯಾಜ್ಯ ನಡೆದು ಪರವಾನಗಿ ದೊರೆತು, 2002ರ ಫೆಬ್ರವರಿಯಲ್ಲಿ ಅದು ಮತ್ತೆ ತೆರೆಯಿತು. ಆ ಒಂದು ವರ್ಷ ಮಗ್ಗುಲ ಮನೆಯ ಪತ್ರ ಭೂಮಂಡಲವನ್ನು ಸುತ್ತುತ್ತಲೇ ಇತ್ತು.

ಮಾವ: ಇಲಾಖೆಯ ಹೆಸರು ಕೆಡಿಸುವವರು ಎಲ್ಲೆಲ್ಲೂ ಇದ್ದಾರೆ.

ಅಳಿಯ: ದಕ್ಷಿಣ ಆಫ್ರಿಕಾದ್ದನ್ನೂ ಕೇಳಿ. ಬಹುಕಾಲ ಅಲ್ಲಿ ಮನೆಗೆ ಬರುವ ತಂತಿ ಒಂದೇ ಸಂಸ್ಥೆಯದು. ಅದರ ನಿಧಾನಕ್ಕೆ ಬೇಸತ್ತು ಹೊವಿಕ್ ಎಂಬ ಊರಿನ ಒಂದು ಕಂಪನಿಯವರು 2009ರ ಸೆಪ್ಟೆಂಬರಿನಲ್ಲಿ ವಿನ್ಸ್‌ಟನ್ ಎಂಬ ಹೆಸರಿನ ಪಾರಿವಾಳದ ಕಾಲಿಗೆ 4 ಗಿಗಾಬೈಟಿನ ಮೆಮೊರಿ ಕಾರ್ಡು ಕಟ್ಟಿ, ಡರ್ಬನ್ ಸಮೀಪದ ಹಿಲ್‌ಕ್ರೆಸ್ಟಿಗೆ ಹಾರಿಬಿಟ್ಟು, ಅದೇ ಕ್ಷಣದಲ್ಲಿ ಅದೇ ಮಾಹಿತಿಯನ್ನು ತಂತಿಯ ಮೇಲೂ ಕಳುಹಿಸತೊಡಗಿದರು. ಹಕ್ಕಿ 1 ಗಂಟೆ 8 ನಿಮಿಷದಲ್ಲಿ ಇಳಿಯಿತು. ಕಾರ್ಡನ್ನು ಬಿಚ್ಚಿ ಕಂಪ್ಯೂಟರಿಗೆ ತುಂಬಿದ್ದೂ ಸೇರಿ ಎರಡು ಗಂಟೆಯ ಮೇಲೆ ಏಳು ನಿಮಿಷ ಹಿಡಿಯಿತು. ಅಷ್ಟು ಹೊತ್ತಿಗೆ ತಂತಿಯ ಮೇಲೆ ಬಂದದ್ದು ನೂರಕ್ಕೆ ನಾಲ್ಕು ಪಾಲು.

ಮಾವ: ಭಲೆ! ಕಾಳಿದಾಸನು ಮೇಘವನ್ನು ಬಿಟ್ಟು ಪಾರಿವಾಳವನ್ನೇ ಕಳುಹಿಸಿದ್ದರೆ ಯಕ್ಷನಿಗೆ ಬೇಗ ಉತ್ತರ ಬರುತ್ತಿತ್ತು. ಆದರೆ ಇದೆಲ್ಲ ಹಳೆಯ ಮಾತು. ಈಗ ಕಂಪನಿಗಳ ರಾಜ್ಯ; ಸ್ಪರ್ಧೆ ಬಂದಿದೆ; ಬೆಲೆ ಇಳಿದಿರಬೇಕಷ್ಟೆ?

ಅಳಿಯ: ಇಳಿದಿದೆ; ಆದರೆ ಯಾರಿಗೆ ಇಳಿಯಿತೆಂಬುದರಲ್ಲಿ ನಿಮ್ಮ ಪಕ್ಷಕ್ಕೂ ಸ್ವಲ್ಪ ಬಲ ಸಿಕ್ಕುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2016ರಲ್ಲಿ ಡೇಟಾ ದರ ಬೀಳಲೇಬೇಕೆಂದು ಜನ ಕೂಗೆಬ್ಬಿಸಿದ ಮೇಲೆ ಅಲ್ಲಿಯ ಸ್ಪರ್ಧಾ ಆಯೋಗ ವಿಚಾರಣೆ ನಡೆಸಿ 2019ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ದೊಡ್ಡ ಬಂಡಲು ಕೊಳ್ಳುವ ಶ್ರೀಮಂತನಿಗಿಂತ ಚಿಕ್ಕ ಬಂಡಲು ಕೊಳ್ಳುವ ಬಡವನು ಪ್ರತಿಯೊಂದು ಎಂಬಿಗೂ ಬಹಳ ಹೆಚ್ಚು ತೆರುತ್ತಾನೆಂದು ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಎರಡು ದೊಡ್ಡ ಕಂಪನಿಗಳು ದರವನ್ನು ಶೇಕಡ 30ರಿಂದ 50ರವರೆಗೆ ಇಳಿಸಬೇಕೆಂದು ಆಯೋಗ ಹೇಳಿತು. ಕಂಪಾಲಾದ ನಮ್ಮ ಬೀದಿಯ ದುಕಾದಲ್ಲಿ, ಅಂಗಡಿಯಲ್ಲಿ, ನಿತ್ಯವೂ ಇದನ್ನೇ ನೋಡುತ್ತೇನೆ. ಅಡುಗೆಯ ಎಣ್ಣೆಯನ್ನು ಒಂದು ಹೊತ್ತಿನ ಒಗ್ಗರಣೆಗಾಗುವಷ್ಟೇ ಸಣ್ಣ ಪೊಟ್ಟಣದಲ್ಲಿ ಕೊಳ್ಳುವ ಹೆಂಗಸು, ಅದೇ ಕೈಯಿಂದ ಚಿಲ್ಲರೆ ನೀಡಿ ಒಂದು ದಿನದ ಡೇಟಾ ಹಾಕಿಸಿಕೊಳ್ಳುತ್ತಾಳೆ. ಡಬ್ಬದ ಎಣ್ಣೆ ಅಗ್ಗವೆಂದು ಅವಳಿಗೆ ತಿಳಿಯದೆ ಇಲ್ಲ. ಡಬ್ಬಕ್ಕೆ ಬೇಕಾದ ಹಣ ಒಟ್ಟಿಗೆ ಅವಳ ಕೈಸೇರುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ, ಮಾವ: ಮನೆಯ ಅಂತರ್ಜಾಲವೆಂದರೆ ವೇಗವಲ್ಲ, ತಂತಿಯೂ ಅಲ್ಲ, ಎಣಿಸದೆ ಇರುವ ಅವಕಾಶ. ಅದನ್ನೇ ಅಲ್ಲಿ ಯಾರೂ ಮಾರುವುದಿಲ್ಲ. ಮಾರಿದರೂ ನಮಗೆ ಎಟುಕದ ಬೆಲೆಗೆ ಮಾರುತ್ತಾರೆ.

ಮಾವ: ಮಿತಿಯಿಲ್ಲದ ಯೋಜನೆಗಳು ಇಲ್ಲವೇ? ಇಲ್ಲಿ ನಮ್ಮ ಮನೆಗೇ ಬರುತ್ತದಲ್ಲ.

ಅಳಿಯ: ಉಂಟು. ಆ ಮಿತಿಯಿಲ್ಲದ್ದಕ್ಕೂ ನ್ಯಾಯಬಳಕೆಯ ನಿಯಮವೆಂಬ ಮಿತಿ ಉಂಟು. ಇಷ್ಟು ಬಳಸಿದ ಮೇಲೆ ಸಂಪರ್ಕವನ್ನು ಕಡಿಯುವುದಿಲ್ಲ, ಮಾತಿಗೆ ತಪ್ಪಬಾರದಲ್ಲ, ಆದರೆ ಒಂದು ಪುಟ ತೆರೆಯಲು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ನಿಧಾನ ಮಾಡಿಬಿಡುತ್ತಾರೆ. ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಒಂದು ಅಳತೆಯನ್ನು ಇಟ್ಟಿದೆ: ತಲಾ ಮಾಸಿಕ ಆದಾಯದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚನ್ನು ಸಾಮಾನ್ಯ ಸಂಪರ್ಕಕ್ಕೆ ತೆರುವಂತಾಗಬಾರದು. ಮನೆಗೆ ಬರುವ ಸ್ಥಿರ ಸಂಪರ್ಕದಲ್ಲಿ ಆಫ್ರಿಕಾದ ಬಹುಪಾಲು ದೇಶಗಳು ಆ ಅಳತೆಯನ್ನು ಹಲವು ಪಟ್ಟು ಮೀರುತ್ತವೆ. ಅದರ ಫಲವಾಗಿ ಅಲ್ಲಿ ಸ್ಥಿರ ಬ್ರಾಡ್‌ಬ್ಯಾಂಡ್ ಸಂಪರ್ಕ ತೀರ ವಿರಳ; ಇರುವುದೆಲ್ಲ ಮೊಬೈಲು, ಮೊಬೈಲಿನಲ್ಲಿ ಇರುವುದೆಲ್ಲ ಬಂಡಲು. ನಮ್ಮ ಪಕ್ಕದ ಮನೆಯ ಹುಡುಗಿ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ನಡುರಾತ್ರಿಯಿಂದ ನಸುಕಿನ ತನಕ ಮಾತ್ರ ಸಲ್ಲುವ ಅಗ್ಗದ ಬಂಡಲು ಒಂದುಂಟು. ಹನ್ನೆರಡಕ್ಕೆ ಅಲಾರಂ ಇಟ್ಟುಕೊಂಡು ಎದ್ದು, ಉಪನ್ಯಾಸಗಳನ್ನೆಲ್ಲ ಇಳಿಸಿಕೊಳ್ಳಲು ಹಚ್ಚಿ, ತೂಕಡಿಸುತ್ತ ಕುಳಿತಿರುತ್ತಾಳೆ. ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಎಷ್ಟೋ ಕಿಟಕಿಗಳಲ್ಲಿ ನೀಲಿ ಬೆಳಕು. ಎಲ್ಲರೂ ಅದನ್ನೇ ಕೊಂಡಿರುವುದರಿಂದ ಆ ವೇಳೆಯಲ್ಲೂ ದಟ್ಟಣೆಯೇ!

ಮಾವ: ಒಂದು ಮಾತು ಹೇಳಿದರೆ ಸಿಟ್ಟಾಗಬೇಡ. ಮಿತವ್ಯಯ ಕೆಟ್ಟ ಗುಣವಲ್ಲ. ಟ್ರಂಕ್ ಕಾಲಿನಲ್ಲಿ ಮೂರು ನಿಮಿಷ ಸಿಕ್ಕುತ್ತಿದ್ದಾಗ ಜನ ಹೇಳಬೇಕಾದದ್ದನ್ನು ಮಾತ್ರ ಹೇಳುತ್ತಿದ್ದರು. ಇಲ್ಲಿ ನನ್ನ ಮೊಮ್ಮಗನನ್ನು ನೋಡು. ಎಣಿಸಬೇಕಾಗಿಲ್ಲವೆಂದು ದಿನವಿಡೀ ಬೆರಳಾಡಿಸುತ್ತಾನೆ. ಎಣಿಸುವವನಿಗೆ ವಿವೇಕ ಬರುವುದಿಲ್ಲವೇ?

ಅಳಿಯ: ನಿಮ್ಮ ಮೊಮ್ಮಗನಿಗೆ ಬಂದರೆ ಬರಲಿ. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ಡಿನ ಕಾರಣ ಉಗಾಂಡಾದ ಶಾಲೆಗಳೆಲ್ಲ ಮುಚ್ಚಿದವು. ನಡುವೆ ಕೆಲವು ತರಗತಿಗಳು ಒಂದಿಷ್ಟು ದಿನ ನಡೆದದ್ದನ್ನು ಬಿಟ್ಟರೆ ಪೂರ್ತಿಯಾಗಿ ತೆರೆದದ್ದು 2022ರ ಜನವರಿಯಲ್ಲಿ. ಅಷ್ಟು ದೀರ್ಘಕಾಲ ಶಾಲೆ ಮುಚ್ಚಿದ್ದ ದೇಶ ಲೋಕದಲ್ಲಿ ಬೇರೊಂದಿಲ್ಲ. ಸರಕಾರ ಪಾಠಗಳನ್ನು ಅಚ್ಚು ಹಾಕಿಸಿ ಹಂಚಿತು, ರೇಡಿಯೋದಲ್ಲಿ ಪಾಠ ಹೇಳಿಸಿತು. ನಮ್ಮದು ಹಣವಂತರ ಮಕ್ಕಳೂ ಬರುವ ಶಾಲೆಯಾದ್ದರಿಂದ ಅಂತರ್ಜಾಲದಲ್ಲಿ ತರಗತಿ ನಡೆಸಬೇಕೆಂದು ಆಡಳಿತ ಮಂಡಳಿ ಆಜ್ಞೆ ಮಾಡಿತು. ಮೊದಲ ವಾರ ಪರದೆಯ ತುಂಬ ಮುಖಗಳು. ಬರಬರುತ್ತ ಮುಖಗಳು ಹೋಗಿ ಬರಿಯ ಹೆಸರುಗಳು, ಆಮೇಲೆ ಹೆಸರುಗಳೂ ಒಂದೊಂದಾಗಿ ಇಲ್ಲ. ಒಂದು ಗಂಟೆಯ ದೃಶ್ಯಪಾಠಕ್ಕೆ ತಗಲುವ ಡೇಟಾದ ಬೆಲೆಯಲ್ಲಿ ಆ ಮನೆಗೆ ಆ ದಿನದ ಜೋಳದ ಹಿಟ್ಟು ಬರುತ್ತಿತ್ತು. ಕಡೆಗೆ ನಾನು ಪ್ರಮೇಯವನ್ನು ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದು, ಫೋಟೋ ತೆಗೆದು, ಅಕ್ಷರ ಕಾಣುವ ಮಟ್ಟಿಗೆ ಮಾತ್ರ ಉಳಿಯುವಂತೆ ಅದನ್ನು ಕುಗ್ಗಿಸಿ ವಾಟ್ಸಾಪಿನಲ್ಲಿ ಕಳುಹಿಸಿ, ಜೊತೆಗೆ ಒಂದು ನಿಮಿಷದ ಧ್ವನಿಯಲ್ಲಿ ವಿವರಿಸತೊಡಗಿದೆ. ರಾತ್ರಿ ಹನ್ನೆರಡರ ಮೇಲೆ ಕಳುಹಿಸಿ ಮೇಷ್ಟರೆ, ಬಂಡಲು ಆಗ ಅಗ್ಗ ಎಂದು ತಂದೆತಾಯಿಗಳೇ ಕೇಳಿಕೊಂಡರು. ನನ್ನ ಪೈಥಾಗೊರಸನ ಪ್ರಮೇಯ ನಡುರಾತ್ರಿಯಲ್ಲಿ ಸಂಚರಿಸುತ್ತಿತ್ತು. ಎಣಿಸಿದ್ದರಿಂದ ಆ ಮಕ್ಕಳಿಗೆ ಯಾವ ವಿವೇಕ ಬಂದಿತೋ ನಾನರಿಯೆ. ಹಲವರು ಶಾಲೆಗೆ ಮರಳಿ ಬರಲೇ ಇಲ್ಲ.

ಮಾವ: ... ಹಾಗಾದರೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಇಂಥ ಹೊತ್ತಿನಲ್ಲಿ ಸರಕಾರ ತೆರಿಗೆಯನ್ನಾದರೂ ಬಿಟ್ಟಿತೆ?

ಅಳಿಯ: ಬಿಡುವುದೆ! 2018ರ ಜುಲೈ 1ರಿಂದ ವಾಟ್ಸಾಪು, ಫೇಸ್‌ಬುಕ್ಕು ಮುಂತಾದವನ್ನು ಬಳಸುವವನು ದಿನಕ್ಕೆ 200 ಶಿಲಿಂಗು ತೆರಿಗೆ ತೆರಬೇಕೆಂದು ಕಾನೂನು ಬಂದಿತ್ತು. ಜನ ಅಲ್ಲಿ ಕುಳಿತು ಹರಟೆ, ಚಾಡಿ ಹೇಳುತ್ತಾರೆಂದು ಅಧ್ಯಕ್ಷ ಮುಸೆವೇನಿಯವರಿಗೆ ಅಸಮಾಧಾನ. ಅದಕ್ಕೆ ಬೆಲೆ ಕಟ್ಟಿಸಿದರು. ಜನ ವಿಪಿಎನ್ ಎಂಬ ಕಳ್ಳದಾರಿಯನ್ನು ಹಿಡಿದರು. ನಿರೀಕ್ಷಿಸಿದ ಹಣ ಬೊಕ್ಕಸಕ್ಕೆ ಬರಲಿಲ್ಲ. 2021ರ ಜುಲೈಯಲ್ಲಿ ಆ ತೆರಿಗೆಯನ್ನು ತೆಗೆದು ಡೇಟಾದ ಮೇಲೆಯೇ ಶೇಕಡ 12ರ ಸುಂಕ ಹಾಕಿದರು. ಅದರ ಮೇಲೆ ಶೇಕಡ 18ರ ಮೌಲ್ಯವರ್ಧಿತ ತೆರಿಗೆ. ನೂರು ಶಿಲಿಂಗಿನ ಡೇಟಾಕ್ಕೆ ನೂರ ಮೂವತ್ತೆರಡು ಎಣಿಸಬೇಕು. ಶಾಲೆ ಮುಚ್ಚಿದ್ದಾಗಲೇ ಇದು ಬಂದದ್ದೆಂಬುದನ್ನು ಗಮನಿಸಿ. ಅದೇ ವರ್ಷದ ಜನವರಿಯಲ್ಲಿ ಚುನಾವಣೆಯ ಮುನ್ನಾದಿನ ದೇಶದ ಅಂತರ್ಜಾಲವನ್ನೇ ಆರಿಸಿಬಿಟ್ಟಿದ್ದರು. ಹಣ ಕೊಟ್ಟು ತುಂಬಿಸಿದ ಬಂಡಲುಗಳ ಅವಧಿ ಮಾತ್ರ ಆರದೆ ಓಡುತ್ತಿತ್ತು.

ಮಾವ: ನಡೆಸುವ ಸರಕಾರಕ್ಕೂ ಆರಿಸುವ ಸರಕಾರಕ್ಕೂ ಭೇದವಿದೆ, ನಾನು ಹೇಳಿದ್ದು ಮೊದಲನೆಯದನ್ನು. ಹೋಗಲಿ, ಕಡಲಿನ ಪಾಲು ಸ್ವಲ್ಪ ಎಂದೆಯಲ್ಲ, ಆ ಸ್ವಲ್ಪವನ್ನೂ ಹೇಳಿಬಿಡು.

ಅಳಿಯ: 2024ರಲ್ಲಿ ಅದರ ರುಚಿಯನ್ನು ಕಂಡೆವು. ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ ಕ್ಷಿಪಣಿ ತಗಲಿ ನಡೆಗೆಟ್ಟ ಹಡಗೊಂದರ ಲಂಗರು ತಳವನ್ನು ಉಳುತ್ತ ಹೋಗಿ ಮೂರು ಕೇಬಲುಗಳನ್ನು ಕಡಿಯಿತು. ಮಾರ್ಚಿನಲ್ಲಿ ಪಶ್ಚಿಮ ತೀರದ ಅಬಿಜಾನಿನ ಬಳಿ ಕಡಲಡಿಯ ನೆಲ ಜಾರಿ ನಾಲ್ಕು ಕೇಬಲುಗಳು ಒಟ್ಟಿಗೆ ತುಂಡಾದವು. ಮೇ 12ರಂದು ದಕ್ಷಿಣದ ಕಡಲಲ್ಲಿ ಈಸ್ಸಿಯೂ ಸೀಕಾಮೂ ಕಡಿದು ನಮ್ಮ ಕಡೆ ಎಲ್ಲವೂ ತೆವಳಿತು. ಕೇಪ್ ಟೌನನ್ನು ನೆಲೆ ಮಾಡಿಕೊಂಡ ಲಿಯೊನ್ ತೆವೆನಾನ್ ಎಂಬ ದುರಸ್ತಿಯ ಹಡಗು ಆ ವರ್ಷ ಒಂದು ತೀರದಿಂದ ಇನ್ನೊಂದು ತೀರಕ್ಕೆ ಓಡಾಡಿತು. ಆದರೂ ಕಡಲನ್ನು ಕುರಿತು ನನಗೆ ಕೋಪವಿಲ್ಲ. ಅದು ಕಡಿಯುವುದು ಅಪರೂಪಕ್ಕೆ, ಕಡಿದರೆ ದೊಡ್ಡವರಿಗೂ ಕಡಿಯುತ್ತದೆ, ಅದರಿಂದಲೇ ಬೇಗ ಸರಿಹೋಗುತ್ತದೆ.

ಮಾವ: ಹಲಸಿನ ಮರದ ಮೇಲಿಂದಲೇ ಬರುವ ಹೊಸ ಉಪಗ್ರಹಗಳುಂಟಲ್ಲ, ತೀರ ಕೆಳಗೆ ಹಾರುವಂಥವು?

ಅಳಿಯ: ಸ್ಟಾರ್‌ಲಿಂಕ್. ನೈಜೀರಿಯಾಕ್ಕೆ 2023ರ ಜನವರಿಯಲ್ಲಿ, ಕೀನ್ಯಾಕ್ಕೆ ಅದೇ ವರ್ಷದ ಜುಲೈಯಲ್ಲಿ ಬಂದಿತು. ಕೀನ್ಯಾದಲ್ಲಿ ಮೊದಲು ಆಂಟೆನಾ ತಟ್ಟೆಯ ಬೆಲೆಯೇ 89,000 ಶಿಲಿಂಗು. ಆಮೇಲೆ ಇಳಿಯಿತು, ಬಾಡಿಗೆಗೂ ಕೊಟ್ಟರು. ಅಗ್ಗವಾದೊಡನೆ ನೈರೋಬಿಯ ಮಧ್ಯಮ ವರ್ಗದವರೆಲ್ಲ ಮುಗಿಬಿದ್ದು 2024ರ ನವೆಂಬರಿನಲ್ಲಿ ನಗರದ ಮೇಲಣ ಆಕಾಶವೇ ಭರ್ತಿಯಾಯಿತೆಂದು ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಹಳ್ಳಿಗಾಡಿನ ಆಸ್ಪತ್ರೆಗೆ, ಶಾಲೆಗೆ ಅದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ. ಎಣ್ಣೆಯ ಪೊಟ್ಟಣ ಕೊಳ್ಳುವವಳಿಗೆ ತಟ್ಟೆಯಿಂದ ಏನು?

ಮಾವ: ನಿನಗೆ ಸರಕಾರವೂ ಸಲ್ಲದು, ಕಂಪನಿಯೂ ಸಲ್ಲದು, ಆಕಾಶವೂ ಸಲ್ಲದು. ಮತ್ತೆ ಯಾರು ತರಬೇಕು?

ಅಳಿಯ: ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತದಲ್ಲಿ ಮಂಕೋಸಿ ಎಂಬ ಗ್ರಾಮ ಸಮುದಾಯವಿದೆ. ಅಲ್ಲಿಯವರು ಪಶ್ಚಿಮ ಕೇಪ್ ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ ಝೆನ್‌ಝೆಲೆನಿ ಎಂಬ ಸಹಕಾರ ಸಂಘವನ್ನು ಕಟ್ಟಿ 2014ರಲ್ಲಿ ನೋಂದಾಯಿಸಿದರು. ಕೆಲವು ಮನೆಗಳ ಮಾಡಿನ ಮೇಲೆ ಸೌರಫಲಕ, ರೇಡಿಯೋ ಕೇಂದ್ರ. ಹಗಲಿನಲ್ಲಿ ಮಿಕ್ಕ ವಿದ್ಯುತ್ತಿನಿಂದ ಊರವರ ಮೊಬೈಲುಗಳಿಗೆ ಚಾರ್ಜು ತುಂಬಿ ಬಂದ ಚಿಲ್ಲರೆ ಸಂಘಕ್ಕೆ. ಕಂಬ ನೆಡುವವರೂ ಅವರೇ, ಲೆಕ್ಕ ಬರೆಯುವವರೂ ಅವರೇ, ದರ ಗೊತ್ತುಮಾಡುವವರೂ ಅವರೇ.

ಮಾವ: ಹಾಲಿನ ಸಂಘ ಮಾಡಿದವರಿಗೆ ಇದೇನು ಹೊಸದೆ? ಇದು ನನಗೆ ಒಪ್ಪಿಗೆ. ನಿನ್ನ ಬೀದಿಯಲ್ಲಿ ಏಕೆ ಮಾಡಬಾರದು?

ಅಳಿಯ: ಮಂಕೋಸಿಯಲ್ಲಿ ತಲೆತಲಾಂತರದಿಂದ ಒಬ್ಬರನ್ನೊಬ್ಬರು ಬಲ್ಲ ಮನೆಗಳು, ನನ್ನ ಬೀದಿಯಲ್ಲಿ ಬಾಡಿಗೆಯವರು, ವರ್ಷಕ್ಕೊಮ್ಮೆ ಮನೆ ಬದಲಾಯಿಸುವರು. ವಿಶ್ವವಿದ್ಯಾಲಯದವರು ಜೊತೆಗೆ ನಿಂತದ್ದು, ಪರವಾನಗಿಯ ಶುಲ್ಕದಿಂದ ವಿನಾಯಿತಿ ಸಿಕ್ಕಿದ್ದು, ಇವನ್ನೂ ಮರೆಯಬಾರದು. ನಿಮ್ಮ ಇಲಾಖೆಯಂಥದೊಂದು ಬೆನ್ನಿಗಿದ್ದರೆ ಆಗಬಹುದಿತ್ತೇನೋ.

ಮಾವ: ಅಷ್ಟನ್ನು ನಿನ್ನ ಬಾಯಿಂದ ಹೇಳಿಸಿದೆನಲ್ಲ! ಇರಲಿ. ಹಿಂದಿರುಗಿದ ಮೇಲೆ ಸದ್ಯಕ್ಕೆ ಏನು ಗತಿ? ವಾರದ ಬಂಡಲೋ, ತಿಂಗಳದೋ?

ಅಳಿಯ: ತಿಂಗಳದೇ ಹಾಕಿಸುತ್ತೇನೆ. ಆದರೆ ಅವರ ತಿಂಗಳಿಗೆ 30 ದಿನ. 31ನೆಯ ದಿನ ನಾನು ದೇಶಭ್ರಷ್ಟ.

ಮಾವ: 30 ಕೊಡುತ್ತಾರೆಯೆ? ಧರ್ಮಾತ್ಮರು! ಇಲ್ಲಿ ಬಹುಕಾಲ ತಿಂಗಳೆಂದರೆ 28 ದಿನ. ವರ್ಷಕ್ಕೆ 13 ಬಾರಿ ರೀಚಾರ್ಜು. ನಮ್ಮ ಪಂಚಾಂಗದಲ್ಲಿ ಅಧಿಕಮಾಸ ಬರುವುದು ಸುಮಾರು ಮೂರು ವರ್ಷಕ್ಕೊಮ್ಮೆ. ಕಂಪನಿಯ ಪಂಚಾಂಗದಲ್ಲಿ ವರ್ಷವರ್ಷವೂ ಉಂಟು. 30 ದಿನದ್ದು ಒಂದನ್ನಾದರೂ ಇಡಿರೆಂದು ದೂರಸಂಪರ್ಕದ ನಿಯಂತ್ರಕರಾದ ಟ್ರಾಯ್‌ನವರು 2022ರಲ್ಲಿ ಆಜ್ಞೆ ಮಾಡಿದರು. ಇಟ್ಟಿದ್ದಾರೆ, ಪಟ್ಟಿಯ ಯಾವ ಮೂಲೆಯಲ್ಲಿ ಇಟ್ಟಿದ್ದಾರೆಂದು ಹುಡುಕಿಕೊಡು, ನನ್ನದು ನಾಳೆಗೆ ಮುಗಿಯುತ್ತದೆ.